ಕಾಯಿಲೆ ಜೊತೆಗೇ ಇರುವಾಗ ಯಾವ ಕೆಲಸ? ಸರ್ಕಾರಿ ನೌಕರಿ, ಕಂಪನಿ, ಇಎಸ್‌ಐ ಇರುವ ಕೆಲಸ, ಮನೆಯಿಂದ ದುಡಿಮೆ: ಒಂದು ಹೋಲಿಕೆ

ಟೈಪ್ 1 ಡಯಾಬಿಟಿಸ್ ಇರುವ ಹುಡುಗನಿಗೆ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿದೆ, ಆದರೆ ನೈಟ್ ಶಿಫ್ಟ್. ಅದನ್ನು ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಓದಲಾ ಅಂತ ಕೇಳುತ್ತಾನೆ. ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿ ನೋಯುವ ಕಾಯಿಲೆ) ಇರುವ ಟೀಚರ್ ಒಬ್ಬರಿಗೆ ದಿನವಿಡೀ ನಿಂತು ಪಾಠ ಮಾಡಲು ಆಗುತ್ತಿಲ್ಲ. ಕೆಲಸ ಬಿಟ್ಟು ಮನೆಯಲ್ಲೇ ಟ್ಯೂಷನ್ ಶುರು ಮಾಡಬಹುದಾ ಅನ್ನೋದು ಅವರ ಪ್ರಶ್ನೆ. ಪೀಣ್ಯದ ಕಾರ್ಖಾನೆಯಲ್ಲಿರುವ ಒಬ್ಬರಿಗೆ ಕಿಡ್ನಿ ತೊಂದರೆ. ಎರಡು ಸಾವಿರ ಜಾಸ್ತಿ ಸಂಬಳದ ಕೆಲಸ ಬಂದಿದೆ, ಹೋಗಲೋ ಬೇಡವೋ ಅಂತ ಬರೆದಿದ್ದಾರೆ.

ಇಂಥ ಪತ್ರಗಳು ಬರುತ್ತಲೇ ಇರುತ್ತವೆ. ಮೂವರಿಗೂ ಒಂದೇ ಉತ್ತರ ಕೊಡಲು ಆಗಲ್ಲ. ಆದರೆ ಯಾವುದನ್ನು ಯಾವುದರ ಪಕ್ಕ ಇಟ್ಟು ನೋಡಬೇಕು ಅಂತ ಹೇಳಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆಯ ವಿಷಯ ಬಂದರೆ ಮನೆಯಲ್ಲಿ ಯಾರಾದರೂ ಕ್ರಿಕೆಟಿಗ ವಾಸಿಂ ಅಕ್ರಂ ಹೆಸರು ಎತ್ತುತ್ತಾರೆ. 1997ರಲ್ಲಿ ಅವರಿಗೆ ಟೈಪ್ 1 ಇದೆ ಅಂತ ಗೊತ್ತಾಯಿತು, 2003ರವರೆಗೂ ಪಾಕಿಸ್ತಾನದ ಪರ ಆಡಿದರು. ನಿಜವೇ. ಆದರೆ ಅವರ ಜೊತೆ ಫಿಸಿಯೊ ಇರುತ್ತಿದ್ದರು, ಡಾಕ್ಟರ್ ಇರುತ್ತಿದ್ದರು. ನಮ್ಮ ಜೊತೆ ಟೀಮ್ ಲೀಡ್ ಇರುತ್ತಾರೆ. ಹಾಗಾಗಿ ಛಲದ ಕತೆಗಳನ್ನು ಪಕ್ಕಕ್ಕಿಟ್ಟು ಲೆಕ್ಕಕ್ಕೆ ಕೂರೋಣ.

ಮೊದಲು ಏನನ್ನು ನೋಡಬೇಕು

ಕಾಯಿಲೆಯ ಹೆಸರಿಗಿಂತ ಅದು ಬಂದು ಹೋಗುವ ರೀತಿ ಮುಖ್ಯ. ಕೆಲವು ಕಾಯಿಲೆಗಳಿಗೆ ಟೈಮ್‌ಟೇಬಲ್ ಇರುತ್ತದೆ. ಡಯಾಲಿಸಿಸ್ ಅಂದರೆ ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಥಲಸ್ಸೇಮಿಯಾ ಇರುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಇನ್ನು ಕೆಲವಕ್ಕೆ ಹೊತ್ತು ಗೊತ್ತು ಇಲ್ಲ. ಆರ್ಥ್ರೈಟಿಸ್, ಲೂಪಸ್, ಮೈಗ್ರೇನ್ ಯಾವತ್ತು ಕೆರಳುತ್ತವೆ ಅಂತ ಹೇಳಲು ಬರಲ್ಲ. ಟೈಪ್ 1 ಡಯಾಬಿಟಿಸ್ ದಿನವೂ ಇರುವ ಡ್ಯೂಟಿ. ರಜೆ ಜಾಸ್ತಿ ಬೇಕಾಗಲ್ಲ, ಆದರೆ ಹೊತ್ತಿಗೆ ಸರಿಯಾಗಿ ಊಟ, ಇನ್ಸುಲಿನ್, ನಿದ್ದೆ ಬೇಕು. ಕೊನೆಯದು ಪಾರ್ಕಿನ್ಸನ್ಸ್ ಥರದ್ದು. ಇವತ್ತು ಪರವಾಗಿಲ್ಲ, ಹತ್ತು ವರ್ಷದ ಮೇಲೆ ಹೇಗೋ ಗೊತ್ತಿಲ್ಲ.

ನಿಮ್ಮದು ಇದರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ನಿರ್ಧಾರ ಮುಗಿದಂತೆ.

ಎರಡನೆಯದು, ದುಡ್ಡು ಎಲ್ಲಿ ಹೋಗುತ್ತಿದೆ ಅನ್ನೋದು. ಮೆಡಿಕಲ್ ಸ್ಟೋರ್‌ನಲ್ಲಾ, ಲ್ಯಾಬ್‌ನಲ್ಲಾ, ಆಸ್ಪತ್ರೆಯ ಬೆಡ್‌ನಲ್ಲಾ? ಇದನ್ನು ಜನ ಬೇರೆ ಮಾಡಿ ನೋಡುವುದೇ ಇಲ್ಲ. ಸಾಮಾನ್ಯ ಆರೋಗ್ಯ ವಿಮೆ ಅಡ್ಮಿಟ್ ಆದರೆ ದುಡ್ಡು ಕೊಡುತ್ತದೆ. ಡಯಾಲಿಸಿಸ್, ಕೀಮೋ ಥರದ ಡೇ ಕೇರ್ ಚಿಕಿತ್ಸೆಗೂ ಕೊಡುತ್ತದೆ. ತಿಂಗಳು ತಿಂಗಳು ತೆಗೆದುಕೊಳ್ಳುವ ಮಾತ್ರೆಗೆ, ಮೂರು ತಿಂಗಳಿಗೊಮ್ಮೆ ಮಾಡಿಸುವ ರಕ್ತ ಪರೀಕ್ಷೆಗೆ ಬಹುತೇಕ ಪಾಲಿಸಿಗಳು ಕೊಡಲ್ಲ. ಒಂದು ವರ್ಷದ ಬಿಲ್‌ಗಳನ್ನು ಹಾಸಿಗೆ ಮೇಲೆ ಹರಡಿ ಎರಡು ಗುಂಪು ಮಾಡಿ: ಆಸ್ಪತ್ರೆಯದ್ದು ಒಂದು, ಮಾತ್ರೆ ಮತ್ತು ಪರೀಕ್ಷೆಯದ್ದು ಇನ್ನೊಂದು. ಯಾವ ಗುಂಪು ದಪ್ಪ ಇದೆಯೋ ಅದರ ಮೇಲೆ ನಿಮ್ಮ ಆಯ್ಕೆ ನಿಂತಿದೆ.

ಮೂರನೆಯದು ದೂರ: ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಡಾಕ್ಟರ ಹತ್ತಿರಕ್ಕೆ. ನಾಲ್ಕನೆಯದು, ನೀವು ಒಂದು ವಾರ ಮಲಗಿದರೆ ನಿಮ್ಮ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದು. ಇದಕ್ಕೆ ಉತ್ತರವೇ ಇಲ್ಲದ ಕೆಲಸ ಎಷ್ಟೇ ಸಂಬಳ ಕೊಟ್ಟರೂ ನಾನು ಕೆಳಗೇ ಇಡುತ್ತೇನೆ.

ಸರ್ಕಾರಿ ನೌಕರಿ

ಅಪ್ಪ ಅಮ್ಮಂದಿರ ಮೊದಲ ಸಲಹೆ ಯಾವತ್ತೂ ಇದೇ. ರಜೆ ಮತ್ತು ಭದ್ರತೆಯ ವಿಷಯದಲ್ಲಿ ಅವರು ಹೇಳುವುದು ಸರಿ. ರಾಜ್ಯ ಸರ್ಕಾರಿ ನೌಕರರಿಗೆ ಸಾಂದರ್ಭಿಕ ರಜೆ ಅಲ್ಲದೆ ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧ ವೇತನ ರಜೆ ಲೆಕ್ಕಕ್ಕೆ ಸೇರುತ್ತಾ ಹೋಗುತ್ತವೆ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ಅರ್ಧ ವೇತನ ರಜೆಯನ್ನು ಪೂರ್ಣ ವೇತನದ ಪರಿವರ್ತಿತ ರಜೆ ಮಾಡಿಕೊಳ್ಳಬಹುದು. ಆಗ ಒಂದು ದಿನಕ್ಕೆ ಎರಡು ದಿನ ಕಳೆಯುತ್ತಾರೆ, ಅಷ್ಟೇ. ಹತ್ತು ವರ್ಷ ಸೇವೆ ಮಾಡಿದವರ ಖಾತೆಯಲ್ಲಿ ಇರುವಷ್ಟು ರಜೆ ಯಾವ ಕಂಪನಿಯಲ್ಲೂ ಸಿಗುವುದು ಕಷ್ಟ.

ಇದಕ್ಕಿಂತ ದೊಡ್ಡ ಬಲ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಸೇವೆಯಲ್ಲಿ ಇದ್ದಾಗ ಅಂಗವೈಕಲ್ಯ ಬಂದರೆ ಸರ್ಕಾರಿ ಸಂಸ್ಥೆ ನಿಮ್ಮನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ ಅಂತ ಅದರ 20ನೇ ಸೆಕ್ಷನ್ ಹೇಳುತ್ತದೆ. ಈಗಿನ ಹುದ್ದೆ ಮಾಡಲು ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ನಿಧಾನಕ್ಕೆ ಬೆಳೆಯುವ ಕಾಯಿಲೆ ಇರುವವರಿಗೆ ಇದಕ್ಕೆ ಬೆಲೆ ಕಟ್ಟಲಾಗಲ್ಲ. ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎರಡೂ ಈ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಪಟ್ಟಿಯಲ್ಲಿದ್ದರೆ ಮೀಸಲಾತಿ ಸಿಗುತ್ತದೆ ಅಂತ ಅನೇಕರು ನಂಬಿದ್ದಾರೆ. ಹಾಗಿಲ್ಲ. ನೌಕರಿಯ ಕನಿಷ್ಠ 4% ಮೀಸಲಾತಿ ಶೇ. 40ಕ್ಕೆ ಕಡಿಮೆ ಇಲ್ಲದ ಅಂಗವೈಕಲ್ಯಕ್ಕೆ, ಅದೂ ಕೆಲವು ಗುಂಪುಗಳಿಗೆ ಮಾತ್ರ: ದೃಷ್ಟಿ, ಶ್ರವಣ, ಚಲನೆ, ಆಟಿಸಂ ಮತ್ತು ಮಾನಸಿಕ ಕಾಯಿಲೆಯಂಥವು, ಬಹುವಿಧ ಅಂಗವೈಕಲ್ಯ. ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಪಟ್ಟಿಯಲ್ಲಿದ್ದರೂ ಮೀಸಲಾತಿಯ ಗುಂಪುಗಳಲ್ಲಿ ಇಲ್ಲ. ಡಯಾಬಿಟಿಸ್, ಆಸ್ತಮಾ, ಕಿಡ್ನಿ ವೈಫಲ್ಯ 21ರ ಪಟ್ಟಿಯಲ್ಲೇ ಇಲ್ಲ. ಆರ್ಥ್ರೈಟಿಸ್‌ನಿಂದ ಕೈಕಾಲಿನ ಚಲನೆಗೆ ತೊಂದರೆಯಾಗಿದ್ದರೆ ಚಲನೆಯ ಅಂಗವೈಕಲ್ಯದ ಅಡಿ ಪ್ರಮಾಣಪತ್ರ ಕೇಳಬಹುದು. ಯುಡಿಐಡಿ ಕಾರ್ಡ್‌ಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ, ಎಷ್ಟು ಶೇಕಡಾ ಬರುತ್ತದೆ ಅಂತ ತಿಳಿದ ಮೇಲೆ ಪರೀಕ್ಷೆಯ ಯೋಜನೆ ಮಾಡಿ.

ಬೆಲೆ ಏನು ಅಂದರೆ, ಸಮಯ. ಅಧಿಸೂಚನೆ, ಪರೀಕ್ಷೆ, ಫಲಿತಾಂಶ, ಕೋರ್ಟ್ ತಡೆ, ಮತ್ತೆ ಪರೀಕ್ಷೆ. ಆ ವರ್ಷಗಳಲ್ಲಿ ಸಂಬಳ ಇಲ್ಲ, ವಿಮೆ ಇಲ್ಲ, ಮಾತ್ರೆ ಮಾತ್ರ ನಿಲ್ಲಲ್ಲ. ಮನೆಯವರು ಎರಡು ಮೂರು ವರ್ಷ ನೋಡಿಕೊಳ್ಳುತ್ತಾರೆ ಅನ್ನುವವರಿಗೆ ಇದು ಒಳ್ಳೆಯ ದಾರಿ. ತನ್ನ ಔಷಧಿಗೆ ತಾನೇ ದುಡಿಯಬೇಕಾದವರು ಯಾವುದಾದರೂ ಕೆಲಸದಲ್ಲಿ ಇದ್ದುಕೊಂಡೇ ಓದಬೇಕು.

ಇನ್ನೊಂದು, ಮೊದಲ ಪೋಸ್ಟಿಂಗ್ ನಿಮ್ಮ ಕೈಯಲ್ಲಿಲ್ಲ. ನಿಮ್ಹಾನ್ಸ್‌ಗೆ ತಿಂಗಳಿಗೊಮ್ಮೆ ಹೋಗಬೇಕಾದವರಿಗೆ ಬೀದರ್ ಬಂದರೆ? ಹೃದಯದ ತೊಂದರೆ ಇರುವವರಿಗೆ ಪರವಾಗಿಲ್ಲ, ಜಯದೇವ ಸಂಸ್ಥೆ ಮೈಸೂರು, ಕಲಬುರಗಿಯಲ್ಲೂ ಇದೆ. ಎಲ್ಲ ವಿಭಾಗಕ್ಕೂ ಆ ಅದೃಷ್ಟ ಇಲ್ಲ. ಕಾಯಿಲೆಯ ಆಧಾರದ ಮೇಲೆ ವರ್ಗಾವಣೆ ಕೇಳಬಹುದು, ಆದರೆ ಸಿಗುವವರೆಗೆ ಓಡಾಡುವುದು ತಪ್ಪುವುದಿಲ್ಲ. ಪೊಲೀಸ್, ಅರಣ್ಯದಂಥ ಕೆಲಸಗಳಿಗೆ ದೈಹಿಕ ಪರೀಕ್ಷೆಯೇ ಅಡ್ಡ ಬರಬಹುದು. ಫಿಟ್ಸ್ ಇರುವವರು ಡ್ರೈವರ್ ಹುದ್ದೆಯ ಆಸೆ ಬಿಡುವುದೇ ವಾಸಿ, ಲೈಸೆನ್ಸ್ ನಿಯಮವೇ ಒಪ್ಪಲ್ಲ.

ದೊಡ್ಡ ಕಂಪನಿ

ಇಲ್ಲಿ ಸಂಬಳದ ಚೀಟಿಯಲ್ಲಿ ಕಾಣದ ಒಂದು ಸಂಬಳ ಇದೆ. ಅದು ಗ್ರೂಪ್ ಇನ್ಶೂರೆನ್ಸ್, ಅಂದರೆ ನೌಕರರಿಗೆಲ್ಲ ಒಟ್ಟಿಗೆ ಕಂಪನಿಯೇ ಮಾಡಿಸುವ ಆರೋಗ್ಯ ವಿಮೆ. ನೀವೇ ಪಾಲಿಸಿ ಕೊಂಡರೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. 2024ರಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಅದರ ಗರಿಷ್ಠ ಮಿತಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು. ಇಳಿದರೂ ಮೂರು ವರ್ಷ ಮೂರು ವರ್ಷವೇ. ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ಈ ಕಾಯುವಿಕೆ ಇರಲ್ಲ, ಸೇರಿದ ದಿನದಿಂದಲೇ ಹಳೆಯ ಕಾಯಿಲೆಗೂ ಅನ್ವಯಿಸುತ್ತದೆ. ಆಸ್ಪತ್ರೆಯ ಗುಂಪು ದಪ್ಪ ಇರುವವರಿಗೆ ಹತ್ತು ಸಾವಿರ ಕಡಿಮೆ ಸಂಬಳ, ಒಳ್ಳೆ ಗ್ರೂಪ್ ಕವರ್ ಇರುವ ಕೆಲಸ ಎಷ್ಟೋ ಸಲ ಲಾಭ. ಮಾತ್ರೆಯ ಗುಂಪು ದಪ್ಪ ಇದ್ದವರಿಗೆ ಲೆಕ್ಕ ಉಲ್ಟಾ. ವಿಮೆ ಅವರಿಗೆ ಕೈಗೆ ಏನೂ ಕೊಡಲ್ಲ, ಜಾಸ್ತಿ ಸಂಬಳವೇ ಮೇಲು. ಅಂಥವರು ಜನೌಷಧಿ ಕೇಂದ್ರದಲ್ಲಿ ತಮ್ಮ ಮಾತ್ರೆಯ ಜೆನೆರಿಕ್ ಇದೆಯಾ ಅಂತಲೂ ಒಮ್ಮೆ ವಿಚಾರಿಸಲಿ.

ಆದರೆ ಈ ಕೊಡೆ ಕಂಪನಿಯದು. ಕೆಲಸ ಹೋದ ದಿನ ಕೊಡೆಯೂ ಹೋಗುತ್ತದೆ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಕಂಪನಿ ವಿಮೆ ಇರುವಾಗಲೇ ಒಂದು ಸಣ್ಣ ಸ್ವಂತ ಪಾಲಿಸಿ ಶುರು ಮಾಡಿ. ಕಾಯಿಲೆ ಇದೆ ಅಂತ ಪ್ರಾಮಾಣಿಕವಾಗಿ ಬರೆಯಿರಿ. ಪ್ರೀಮಿಯಂ ಜಾಸ್ತಿ ಕೇಳಬಹುದು, ಕೆಲವರು ಕೊಡಲ್ಲ ಅನ್ನಬಹುದು, ಇನ್ನೊಬ್ಬರನ್ನು ಕೇಳಿ. ಆ ಮೂರು ವರ್ಷದ ಕಾಯುವಿಕೆ ಕಂಪನಿ ವಿಮೆ ಇರುವಾಗಲೇ ಮುಗಿದುಹೋಗಲಿ. ಆಮೇಲೆ ಫ್ರೀಲಾನ್ಸ್ ಆಗಬೇಕಾ, ಊರಿಗೆ ಹೋಗಬೇಕಾ, ನಿಮ್ಮಿಷ್ಟ. ನನ್ನ ಪ್ರಕಾರ ಕಾಯಿಲೆ ಇರುವವರ ವೃತ್ತಿಜೀವನದಲ್ಲಿ ಇದಕ್ಕಿಂತ ಉಪಯೋಗದ ಇನ್ನೊಂದು ಕೆಲಸ ಇಲ್ಲ.

ಕಂಪನಿ ಯಾವುದು ಎಂಬುದಕ್ಕಿಂತ ಅದರೊಳಗೆ ಯಾವ ಕೆಲಸ ಎಂಬುದು ಮುಖ್ಯ. ಪ್ರೊಡಕ್ಷನ್ ಸಪೋರ್ಟ್ (ಬಳಕೆಯಲ್ಲಿರುವ ಸಾಫ್ಟ್‌ವೇರ್ ಕೆಟ್ಟಾಗ ಸರಿಮಾಡುವ ಕೆಲಸ) ಅಂದರೆ ರಾತ್ರಿ ಎರಡು ಗಂಟೆಗೂ ಫೋನ್ ಬರುತ್ತದೆ. ಅಮೆರಿಕದ ಕ್ಲೈಂಟ್ ಇದ್ದರೆ ಸಂಜೆ ಮೀಟಿಂಗ್ ತಪ್ಪುವುದಿಲ್ಲ. ಟೆಸ್ಟಿಂಗ್, ಡಾಕ್ಯುಮೆಂಟೇಷನ್, ಕಂಪನಿಯ ಒಳಗಿನ ಅಕೌಂಟ್ಸ್ ಇವೆಲ್ಲ ಸ್ವಲ್ಪ ಶಾಂತ. ಟೈಪ್ 1 ಇರುವವರಿಗೆ ನೈಟ್ ಶಿಫ್ಟ್ ಮಾಡಲೇಬಾರದು ಅಂತ ಏನಿಲ್ಲ. ಆದರೆ ವಾರ ವಾರ ಬದಲಾಗುವ ಶಿಫ್ಟ್ ಮಾತ್ರ ಕಷ್ಟ. ಊಟ, ಡೋಸ್, ನಿದ್ದೆ ಮೂರೂ ದಿಕ್ಕು ತಪ್ಪುತ್ತವೆ, ಲೋ ಶುಗರ್ ಆಗುವ ಸಂಭವ ಹೆಚ್ಚುತ್ತದೆ. ಹಗಲಿನ ಕೆಲಸ ಕೇಳಿ ನೋಡಿ. ಸಿಗದಿದ್ದರೆ ಒಂದೇ ಸಮಯದ ಶಿಫ್ಟ್ ಕೇಳಿ, ಡಾಕ್ಟರ ಹತ್ತಿರ ಡೋಸ್ ಹೊಂದಿಸಿಕೊಂಡು ಸೇರಿ. ಫಿಟ್ಸ್ ಇರುವವರಿಗೆ ಮಾತ್ರ ನಾನು ನೈಟ್ ಶಿಫ್ಟ್ ಬೇಡವೇ ಬೇಡ ಅನ್ನುತ್ತೇನೆ. ನಿದ್ದೆ ಕೆಟ್ಟರೆ ಫಿಟ್ಸ್ ಬರುವುದು ತುಂಬ ಜನರಲ್ಲಿ ಕಾಣುವ ವಿಷಯ.

ಓಡಾಟ ಇನ್ನೊಂದು. ರುಮಟಾಯ್ಡ್ ಆರ್ಥ್ರೈಟಿಸ್ ಇರುವ ಎಷ್ಟೋ ಜನರಿಗೆ ಬೆಳಗ್ಗೆ ಎದ್ದಾಗ ಒಂದು ಗಂಟೆಗೂ ಜಾಸ್ತಿ ಹೊತ್ತು ಕೀಲುಗಳು ಬಿಗಿದಿರುತ್ತವೆ. ನನಗೂ ಇದೇ ಕಾಯಿಲೆ, ಎಂಟು ಗಂಟೆಗೆ ಮುಂಚೆ ಬಾಟಲಿ ಮುಚ್ಚಳ ತೆಗೆಯಲು ಆಗಲ್ಲ. ಅಂಥವರು ಒಂಬತ್ತಕ್ಕೆ ಔಟರ್ ರಿಂಗ್ ರೋಡ್ ದಾಟಿ ಆಫೀಸ್‌ನಲ್ಲಿ ಇರಬೇಕು ಅಂದರೆ ದಿನದ ಶಕ್ತಿ ಅಲ್ಲಿಗೇ ಮುಗಿಯಿತು. ಹನ್ನೊಂದಕ್ಕೆ ಬರುತ್ತೇನೆ, ಸಂಜೆ ಜಾಸ್ತಿ ಇರುತ್ತೇನೆ ಅಂತ ಕೇಳುವುದು ವಾರಕ್ಕೆರಡು ದಿನ ಮನೆಯಿಂದ ಕೆಲಸ ಕೇಳುವುದಕ್ಕಿಂತ ಸುಲಭ. ಮ್ಯಾನೇಜರ್ ಒಪ್ಪುವುದೂ ಬೇಗ.

ಇಎಸ್‌ಐ ಇರುವ ಸಣ್ಣ ಕೆಲಸ

ಈ ದಾರಿಯನ್ನು ಓದಿದವರು ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ಗಾರ್ಮೆಂಟ್ಸ್, ಸಣ್ಣ ಕಾರ್ಖಾನೆ, ಅಂಗಡಿ, ಖಾಸಗಿ ಶಾಲೆ. ಸಂಬಳ ತಿಂಗಳಿಗೆ 21,000ದೊಳಗೆ ಇದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಬರುತ್ತದೆ, ಅಂಗವೈಕಲ್ಯ ಇದ್ದವರಿಗೆ ಮಿತಿ 25,000. ನಿಮ್ಮ ಸಂಬಳದಿಂದ ಹಿಡಿಯುವುದು 0.75%, ಮಾಲೀಕರು ಹಾಕುವುದು 3.25%.

ಇದಕ್ಕೆ ಏನು ಸಿಗುತ್ತದೆ ನೋಡಿ. ನಿಮಗೂ ಕುಟುಂಬಕ್ಕೂ ಚಿಕಿತ್ಸೆ, ಇಷ್ಟೇ ರೂಪಾಯಿ ಅನ್ನುವ ಮಿತಿ ಇಲ್ಲ. ಖಾಸಗಿ ವಿಮೆ ಕೊಡದ ಹೊರರೋಗಿ ಚಿಕಿತ್ಸೆ, ತಿಂಗಳ ಮಾತ್ರೆ ಇಲ್ಲಿ ಸೇರಿವೆ. ಸೂಪರ್ ಸ್ಪೆಷಾಲಿಟಿಗೆ ಮಾತ್ರ ಇಷ್ಟು ಕಾಲ ಚಂದಾ ಕಟ್ಟಿರಬೇಕು ಅನ್ನುವ ಷರತ್ತು ಇದೆ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70% ಕೊಡುತ್ತಾರೆ. ಟಿಬಿ, ಕ್ಯಾನ್ಸರ್, ದೀರ್ಘಕಾಲದ ಕಿಡ್ನಿ ವೈಫಲ್ಯ ಸೇರಿದಂತೆ 34 ಕಾಯಿಲೆಗಳಿಗೆ ಎರಡು ವರ್ಷದವರೆಗೂ 80% ಸಿಗಬಹುದು. ಅದಕ್ಕೆ ಮೊದಲು ಎರಡು ವರ್ಷ ಇಎಸ್‌ಐ ಇರುವ ಕೆಲಸದಲ್ಲಿ ಸತತವಾಗಿ ಇದ್ದಿರಬೇಕು. ಲಕ್ಷಗಟ್ಟಲೆ ಸಂಬಳದ ಐಟಿ ಕೆಲಸದಲ್ಲೂ ಇಂಥ ಸೌಲಭ್ಯ ಅಪರೂಪ.

ಈಗ ಪೀಣ್ಯದವರ ಪ್ರಶ್ನೆ. ಇರುವ ಸಂಬಳ 20,500, ಹೊಸದು 22,500 ಅಂದುಕೊಳ್ಳಿ. ಕಾಗದದ ಮೇಲೆ ಎರಡು ಸಾವಿರ ಲಾಭ. ಆದರೆ ಮಿತಿ ದಾಟಿದ ಸಂಬಳಕ್ಕೆ ಸೇರಿದರೆ ಇಎಸ್‌ಐ ಇಲ್ಲ. ಇರುವ ಕಂಪನಿಯಲ್ಲೇ ಸಂಬಳ ಏರಿದರೂ ಆ ಆರು ತಿಂಗಳ ಚಂದಾ ಅವಧಿ ಮುಗಿಯುವವರೆಗೆ ಮಾತ್ರ. ಡಯಾಲಿಸಿಸ್‌ಗೆ ಹತ್ತಿರ ಇರುವವರು ಎರಡು ಸಾವಿರಕ್ಕೆ ಇದನ್ನು ಬಿಟ್ಟುಕೊಡಬಾರದು. ಹೋಗುವುದೇ ಆದರೆ 22,500ಕ್ಕೆ ಬೇಡ. ಒಳ್ಳೆಯ ಗ್ರೂಪ್ ವಿಮೆಯೂ ಇರುವ, ಸಂಬಳವೂ ತುಂಬ ಮೇಲಿರುವ ಕೆಲಸಕ್ಕೆ ಒಂದೇ ಜಿಗಿತ ಹಾರಿ. ಮಧ್ಯದ ಮೆಟ್ಟಿಲೇ ಅಪಾಯದ್ದು. ಮಿತಿ ಏರಿಸುವ ಮಾತು ಆಗಾಗ ಬರುತ್ತಿರುತ್ತದೆ, ಬದಲಾಗಿದೆಯಾ ಅಂತ ಕೇಳಿಕೊಂಡೇ ಹೆಜ್ಜೆ ಇಡಿ.

ಕೊರತೆಯೂ ಇದೆ. ಡಿಸ್ಪೆನ್ಸರಿಯಲ್ಲಿ ಕ್ಯೂ, ರೆಫರಲ್‌ಗೆ ಓಡಾಟ, ಕೆಲವು ಸಲ ಬೇಕಾದ ಮಾತ್ರೆ ಸ್ಟಾಕ್ ಇರಲ್ಲ. ಬೆಂಗಳೂರಿನ ರಾಜಾಜಿನಗರ, ಕಲಬುರಗಿಯಂಥ ಕಡೆ ಇಎಸ್‌ಐನ ದೊಡ್ಡ ಆಸ್ಪತ್ರೆಗಳಿವೆ, ಸಣ್ಣ ಊರುಗಳಲ್ಲಿ ಹಾಗಿಲ್ಲ. ಮತ್ತೆ ಕೆಲಸವೇ ದೇಹಕ್ಕೆ ಭಾರ. ಹೊಲಿಗೆ ಮಷಿನ್ ಮುಂದೆ ಎಂಟು ಗಂಟೆ ಕೂತರೆ ಬೆರಳಿನ ಕೀಲು ಕೇಳುತ್ತಾ? ಚೆಕಿಂಗ್, ಸ್ಟೋರ್, ಬಿಲ್ಲಿಂಗ್‌ನಂಥ ಜಾಗಕ್ಕೆ ಬದಲಾಯಿಸಿಕೊಳ್ಳಲು ಸಾಧ್ಯವಾ ಅಂತ ಸೇರುವಾಗಲೇ ನೋಡಿ.

ಮನೆಯಿಂದ, ಸ್ವಂತವಾಗಿ

ಅನುವಾದ, ಟ್ಯೂಷನ್, ಜಿಎಸ್‌ಟಿ ಫೈಲಿಂಗ್, ಡಿಸೈನ್, ಕೋಡಿಂಗ್. ಹೇಳದೆ ಕೇಳದೆ ಕೆರಳುವ ಕಾಯಿಲೆಗೆ ಇದು ಹೇಳಿ ಮಾಡಿಸಿದ್ದು ಅನ್ನಿಸುತ್ತದೆ. ನೋವಿದ್ದಾಗ ಮಲಗಬಹುದು, ರಾತ್ರಿ ಹತ್ತಕ್ಕೆ ಎದ್ದು ಮಾಡಬಹುದು. ಇದು ನಿಜ. ಆದರೆ ಎಲ್ಲ ದಾರಿಗಳಲ್ಲಿ ಹೆಚ್ಚು ಬಂಡವಾಳ ಬೇಡುವುದು ಇದೇ, ಅಂಗಡಿ ಹಾಕದಿದ್ದರೂ.

ಲೆಕ್ಕ ಹೀಗೆ ಮಾಡಿ. ವರ್ಷಕ್ಕೆ 52 ವಾರ. ಅದರಲ್ಲಿ 36 ವಾರ ಮಾತ್ರ ಪೂರ್ತಿ ಕೆಲಸ ಆಗುತ್ತದೆ ಅಂದುಕೊಳ್ಳಿ, ಉಳಿದದ್ದು ಕಾಯಿಲೆಗೆ, ಹಬ್ಬಕ್ಕೆ, ಕೆಲಸ ಸಿಗದ ದಿನಗಳಿಗೆ. ತಿಂಗಳಿಗೆ 40,000 ಬೇಕು ಅಂದರೆ ವರ್ಷಕ್ಕೆ 4,80,000. ಅಂದರೆ ಆ 36 ವಾರಗಳಲ್ಲಿ ವಾರಕ್ಕೆ ಸುಮಾರು 13,300 ದುಡಿಯಬೇಕು. ಇದರ ಮೇಲೆ ವಿಮೆಯ ಪ್ರೀಮಿಯಂ. 2025ರ ಸೆಪ್ಟೆಂಬರ್‌ನಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಅಷ್ಟು ಸಮಾಧಾನ. ಬಿಲ್ ಕಳಿಸಿದ ಎರಡು ತಿಂಗಳಿಗೆ ದುಡ್ಡು ಕೊಡುವ ಕ್ಲೈಂಟ್‌ಗಳೂ ಇರುತ್ತಾರೆ. ಇಷ್ಟೆಲ್ಲ ಸೇರಿಸಿದರೆ, ಈಗಿನ ಸಂಬಳದ ಒಂದೂವರೆ ಪಟ್ಟು ದುಡಿಯುವ ದಾರಿ ಕಾಣುವವರೆಗೆ ಕೆಲಸ ಬಿಡಬೇಡಿ ಅಂತ ನಾನು ಹೇಳುತ್ತೇನೆ.

ಗಂಡ ಅಥವಾ ಹೆಂಡತಿಯ ಕಂಪನಿ ವಿಮೆಯಲ್ಲಿ ನೀವು ಸೇರಿದ್ದರೆ ಚಿತ್ರವೇ ಬೇರೆ. ಆಗ ಇದು ನಾಲ್ಕರಲ್ಲಿ ಮೊದಲ ಆಯ್ಕೆ ಆಗಬಹುದು. ಟೀಚರಿಗೆ ನಾನು ಬರೆದದ್ದೂ ಅದೇ: ಯಜಮಾನರ ಆಫೀಸಿನ ವಿಮೆಯಲ್ಲಿ ನಿಮ್ಮ ಹೆಸರು ಇದೆಯಾ? ಇದ್ದರೆ ಈ ವರ್ಷ ಸಂಜೆ ಒಂದು ಬ್ಯಾಚ್ ಶುರು ಮಾಡಿ, ಮಕ್ಕಳು ತುಂಬಿದ ಮೇಲೆ ಶಾಲೆ ಬಿಡಿ. ಇಲ್ಲದಿದ್ದರೆ ಮೊದಲು ಶಾಲೆಯಲ್ಲೇ ಕೂತು ಪಾಠ ಮಾಡಲು ಒಂದು ಎತ್ತರದ ಸ್ಟೂಲು, ನೆಲಮಹಡಿಯ ಕ್ಲಾಸು ಕೇಳಿ. ಎಷ್ಟೋ ಸಲ ಕೆಲಸ ಬಿಡುವಷ್ಟು ದೊಡ್ಡ ತೊಂದರೆಗೆ ಒಂದು ಸ್ಟೂಲೇ ಸಾಕಾಗುತ್ತದೆ.

ಫ್ರೀಲಾನ್ಸ್‌ನಲ್ಲೂ ಕೆಲಸದ ಜಾತಿ ನೋಡಬೇಕು. ನಾಳೆ ಬೆಳಗ್ಗೆಯೇ ಬೇಕು ಅನ್ನುವ ಕೆಲಸ ಬೇಡ. ತಿಂಗಳಿಗೆ ಇಷ್ಟು ಅಂತ ಒಪ್ಪಂದ, ವಾರಗಟ್ಟಲೆ ಗಡುವು ಇರುವ ಕೆಲಸ ಹುಡುಕಿ. ಅದೇ ಕಸುಬಿನ ಒಬ್ಬ ಸ್ನೇಹಿತೆಯ ಜೊತೆ ಮಾತಾಡಿಕೊಂಡಿರಿ: ನೀನು ಮಲಗಿದರೆ ನಾನು, ನಾನು ಮಲಗಿದರೆ ನೀನು.

ಡೆಲಿವರಿ, ಕ್ಯಾಬ್ ಕೂಡ ಇಷ್ಟ ಬಂದಾಗ ಮಾಡುವ ಕೆಲಸ ಅಂತ ಹೇಳುತ್ತಾರೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿಯೇ ಕಾಯ್ದೆ ಮಾಡಿ ಕಲ್ಯಾಣ ನಿಧಿಗೆ ದಾರಿ ಮಾಡಿದೆ, ಒಳ್ಳೆಯದು. ಆದರೆ ಲಾಗಿನ್ ಆಗದ ದಿನ ದುಡ್ಡಿಲ್ಲ. ಬಿಸಿಲು, ಧೂಳು, ಹೊತ್ತಲ್ಲದ ಹೊತ್ತಿನ ಊಟ. ಯಾವ ಕಾಯಿಲೆಗೂ ನಾನು ಇದನ್ನು ಹೇಳಲಾರೆ.

ಊರಿಗೆ ಹೋಗಿ ತೋಟ ನೋಡ್ಕೊಂಡಿರು ಅನ್ನುವ ಸಲಹೆಯೂ ಇದ್ದೇ ಇದೆ, ಅಲ್ವಾ? ಖರ್ಚು ಕಡಿಮೆ, ಮನೆ ಇದೆ, ಜನ ಇದ್ದಾರೆ. ಆದರೆ ಹೊಸನಗರದ ಕಡೆಯ ತೋಟದಿಂದ ಮಣಿಪಾಲಕ್ಕೆ ಹೋಗಿಬರಲು ಒಂದಿಡೀ ದಿನ ಬೇಕು. ಮಳೆಗಾಲದಲ್ಲಿ ಘಾಟಿ ಬೇರೆ. ಮೂರು ತಿಂಗಳಿಗೊಮ್ಮೆ ಹೋದರೆ ಸಾಕು ಅನ್ನುವವರಿಗೆ ಸರಿ, ವಾರಕ್ಕೊಮ್ಮೆ ಹೋಗಬೇಕಾದವರಿಗೆ ಆಗಲ್ಲ. ಡಯಾಲಿಸಿಸ್ ಮಾತ್ರ ಈಗ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿಗುತ್ತದೆ. ಅಂಗಡಿಯೋ ತೋಟವೋ, ಸ್ವಂತದ್ದು ಮಾಡುವವರು ಸಹಕಾರ ಸಂಘದ ಸದಸ್ಯರಾಗಿ ಯಶಸ್ವಿನಿ ಆರೋಗ್ಯ ಯೋಜನೆಗೆ ಹೆಸರು ಬರೆಸಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎರಡೂ ಆಸ್ಪತ್ರೆ ಸೇರಿದಾಗಿನ ಖರ್ಚಿಗೆ ಮಾತ್ರ, ತಿಂಗಳ ಮಾತ್ರೆಗೆ ಅಲ್ಲ. ಮತ್ತೆ ಅಂಗಡಿಗೆ ಎರಡನೇ ಆಳು ಇರಲೇಬೇಕು. ನೀವು ಮಲಗಿದ ದಿನ ಶಟರ್ ಎತ್ತುವವರಿಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಹೇಳಬೇಕಾ, ಬೇಡವಾ?

ಎಲ್ಲ ಪತ್ರಗಳ ಕೊನೆಗೆ ಬರುವ ಪ್ರಶ್ನೆ. ಇಂಟರ್‌ವ್ಯೂನಲ್ಲಿ ತಾವಾಗಿಯೇ ಹೇಳುವ ಅಗತ್ಯ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಮೆಡಿಕಲ್ ಫಾರ್ಮ್‌ನಲ್ಲಿ ಕೇಳಿದರೆ ಸುಳ್ಳು ಬರೆಯಬೇಡಿ, ಅದು ಮುಂದೆ ಕೆಲಸಕ್ಕೇ ಕುತ್ತು. ಆಫರ್ ಕೈಗೆ ಬಂದ ಮೇಲೆ ಏನು ಬೇಕೋ ಅಷ್ಟನ್ನೇ ಹೇಳಿ. ಕಾಯಿಲೆಯ ಕತೆ ಬೇಡ, ಬೇಡಿಕೆ ಸಾಕು: ಮಂಗಳವಾರ, ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಹೊರಡಬೇಕು, ಸಂಜೆ ಮನೆಯಿಂದ ಮುಗಿಸುತ್ತೇನೆ. ಇಷ್ಟನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಮ್ಯಾನೇಜರ್ ಬದಲಾದರೂ ಉಳಿಯುತ್ತದೆ. ಟೈಪ್ 1, ಫಿಟ್ಸ್ ಇರುವವರು ಪಕ್ಕದಲ್ಲಿ ಕೂರುವ ಒಬ್ಬರಿಗಾದರೂ ಹೇಳಲೇಬೇಕು. ತಲೆ ತಿರುಗಿ ಬಿದ್ದಾಗ ಏನು ಮಾಡಬೇಕು ಅಂತ ಅವರಿಗೆ ಗೊತ್ತಿರಲಿ.

ಕೆಲಸ ಬದಲಾಯಿಸುವುದು ಗಟ್ಟಿಯಾದರೆ ರಾಜೀನಾಮೆ ಪತ್ರ ಕೊನೆಗೆ. ಮೊದಲು ಹೊಸ ಕಂಪನಿಯ ಎಚ್‌ಆರ್‌ಗೆ ನಾಲ್ಕು ವಿಷಯ ಕೇಳಿ: ವಿಮೆ ಯಾವ ದಿನದಿಂದ, ಹಳೆಯ ಕಾಯಿಲೆ ಸೇರಿದೆಯಾ, ಅಪ್ಪ ಅಮ್ಮನನ್ನು ಸೇರಿಸಬಹುದಾ, ಪ್ರೊಬೇಷನ್‌ನಲ್ಲಿ ಸಿಕ್ ಲೀವ್ ಎಷ್ಟು. ಹಳೆಯ ವಿಮೆ ಮುಗಿಯುವ ದಿನಕ್ಕೂ ಹೊಸದು ಶುರುವಾಗುವ ದಿನಕ್ಕೂ ನಡುವೆ ಖಾಲಿ ದಿನ ಬರದಂತೆ ತಾರೀಖು ಹೊಂದಿಸಿ. ಹೊಸ ಕಡೆ ವಿಮೆ ಇಲ್ಲ ಅಂದರೆ, ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅವಕಾಶ ಇದೆ. ಅದಕ್ಕೆ ಅರ್ಜಿಯನ್ನು ಕೆಲಸದಲ್ಲಿ ಇರುವಾಗಲೇ ಹಾಕಿ. ಮಾಡಿಸಬೇಕಾದ ಸ್ಕ್ಯಾನ್, ಮುಂದೂಡಿದ ಸಣ್ಣ ಆಪರೇಷನ್ ಏನಾದರೂ ಇದ್ದರೆ ನೋಟಿಸ್ ಅವಧಿಯೊಳಗೆ ಮುಗಿಸಿಕೊಂಡು ಹೊರಡಿ.